ಫ್ಲಾಪಿಯ ಪಡಿಯಚ್ಚು



ಶಾಸನ ಓದುವುದರಲ್ಲೇ ಆಯುಷ್ಯ ಕಳೆದ ಅಧ್ಯಾಪಕರೊಬ್ಬರ ನೆನಪಿನ ದತ್ತಿ ಉಪನ್ಯಾಸ ಇದು. ಅವರ ಹೆಸರಿನ ವೇದಿಕೆಯಲ್ಲಿ ಫ್ಲಾಪಿಯ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನಾನು ಅವರ ಬಳಿ ಕಲಿಯುತ್ತಿದ್ದಾಗ ಒಂದು ಬೇಸಿಗೆಯಲ್ಲಿ ಕೆರೆ ಏರಿಯ ಮೇಲಿನ ವೀರಗಲ್ಲೊಂದರ ಪಡಿಯಚ್ಚು ತೆಗೆಯುವುದನ್ನು ನೋಡಿದೆ. ಇವತ್ತು ನಾನು ಹೇಳಬೇಕಾದ್ದರ ಮುಖ್ಯ ಪಾಠ ಅಲ್ಲೇ ಆಗಿತ್ತು. ಅದು ಕಂಪ್ಯೂಟರಿಗೂ ಹೊಂದುತ್ತದೆಂದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು.

ಕಲ್ಲನ್ನು ಮೊದಲು ನೀರು ಹಾಕಿ ಬ್ರಷ್ಷಿನಲ್ಲಿ ಉಜ್ಜಿದರು. ಒದ್ದೆ ಮಾಡಿದ ಕಾಗದವನ್ನು ಅದರ ಮೈಗೆ ಹೊದಿಸಿ, ಬಿರುಸು ಕೂದಲಿನ ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಹಳ್ಳಗಳೊಳಗೆ ಕಾಗದ ಇಳಿಯುವಂತೆ ಮಾಡಿದರು. ಆಮೇಲೆ ಬಟ್ಟೆಯ ಉಂಡೆಗೆ ಮಸಿ ಹಚ್ಚಿಕೊಂಡು ಮೇಲೆಲ್ಲ ಒತ್ತುತ್ತ ಹೋದರು. ಕಲ್ಲಿನ ಮಟ್ಟವೆಲ್ಲ ಕಪ್ಪಾಯಿತು, ಕೊರೆದದ್ದೆಲ್ಲ ಬಿಳಿಯಾಗಿ ಉಳಿಯಿತು. ಅಕ್ಷರದ ಜೊತೆಗೆ ಕಲ್ಲಿನ ಬಿರುಕೂ ಬಿಳಿಯಾಗಿ ಬಂತು, ಯಾರೋ ಕುಡುಗೋಲು ಮಸೆದ ಗುರುತೂ ಬಂತು. ನಾನು ಪಕ್ಕದಲ್ಲಿ ಕೂತು ಓದಲು ಬಂದಷ್ಟನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ಮೇಷ್ಟ್ರು ಅದನ್ನು ನೋಡಿ, ನಿನ್ನ ಪುಸ್ತಕದಲ್ಲಿ ನಿನಗೆ ತಿಳಿದದ್ದು ಮಾತ್ರ ಇದೆ, ಈ ಕಾಗದದಲ್ಲಿ ನಿನಗೂ ನನಗೂ ತಿಳಿಯದ್ದೂ ಇದೆ ಎಂದರು.

ಶಾಸನದ ಪಾಠ ಬರೆದುಕೊಳ್ಳುವುದಕ್ಕೂ ಪಡಿಯಚ್ಚು ತೆಗೆಯುವುದಕ್ಕೂ ಇರುವ ಈ ಅಂತರವೇ ಫೈಲುಗಳನ್ನು ಕಾಪಿ ಮಾಡುವುದಕ್ಕೂ ಡಿಸ್ಕಿನ ಇಮೇಜ್ ತೆಗೆಯುವುದಕ್ಕೂ ಇದೆ. ಇಮೇಜ್ ಎಂಬ ಮಾತು ಕೇಳಿದರೆ ಜನ ಫೋಟೋ ಎಂದುಕೊಳ್ಳುತ್ತಾರೆ. ಡಿಸ್ಕಿನ ಮೇಲೆ ಮೊದಲಿನಿಂದ ಕೊನೆಯವರೆಗೆ ಇರುವ ಪ್ರತಿಯೊಂದು ಸೆಕ್ಟರನ್ನೂ, ಅದರಲ್ಲಿ ಬರಹವಿರಲಿ ಬಿಡಲಿ, ಇದ್ದ ಕ್ರಮದಲ್ಲೇ ಒಂದರ ಹಿಂದೊಂದು ಸೇರಿಸಿಟ್ಟ ಒಂದೇ ಒಂದು ಫೈಲು ಅದು. ಪಡಿಯಚ್ಚು ಎಂಬ ನಮ್ಮ ಹಳೆಯ ಮಾತು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ಈ ಉಪನ್ಯಾಸದ ಉದ್ದಕ್ಕೂ ಎರಡನ್ನೂ ಬಳಸುತ್ತೇನೆ.

ಕೆಲವು ವರ್ಷಗಳ ಹಿಂದೆ ಹಳ್ಳಿಯ ಪ್ರೌಢಶಾಲೆಯೊಂದರ ನಿವೃತ್ತ ಮೇಷ್ಟ್ರ ಮನೆಯಿಂದ ನನಗೆ ಒಂದು ಪೆಟ್ಟಿಗೆ ಬಂತು. ಅದರಲ್ಲಿ 11 ಫ್ಲಾಪಿಗಳಿದ್ದವು. ಮೇಷ್ಟ್ರು ತೀರಿಕೊಂಡಿದ್ದರು. ತಮ್ಮ ಸೀಮೆಯ ಬೇಸಾಯದ ಮಾತುಗಳನ್ನು, ನೇಗಿಲು, ನೊಗ, ಕುಳ, ಮೇಳಿಗಳಿಂದ ಹಿಡಿದು ಕಣದ ಕೆಲಸದವರೆಗೆ, ಅವರು 20 ವರ್ಷ ಕೂಡಿಹಾಕಿ ಕೊನೆಕೊನೆಗೆ ಕಂಪ್ಯೂಟರಿಗೆ ಏರಿಸಿದ್ದರು. ಪೆಟ್ಟಿಗೆ ನನ್ನ ಕೈಗೆ ಬರುವ ಮೊದಲೇ ಮನೆಯವರು ಪಟ್ಟಣದ ಅಂಗಡಿಯೊಂದರಲ್ಲಿ ಫ್ಲಾಪಿಗಳಲ್ಲಿದ್ದುದನ್ನೆಲ್ಲ ಸೀಡಿಗೆ ಹಾಕಿಸಿದ್ದರು. ಸೀಡಿ ತೆರೆದು ನೋಡಿದರೆ ಫೈಲುಗಳೇನೋ ಇದ್ದವು. ಒಳಗೆ ಕನ್ನಡ ಇರಲಿಲ್ಲ. ಇಂಗ್ಲಿಷಿನ ದೊಡ್ಡಕ್ಷರ, ಅದರ ಪಕ್ಕ ತಲೆಯ ಮೇಲೆ ಗೀಟು ಹೊತ್ತ ಮತ್ತೊಂದು ಅಕ್ಷರ, ನಡುನಡುವೆ ಪೌಂಡಿನ ಗುರುತು. ಇಂಥ ಪುಟಗಳನ್ನು ನಿಮ್ಮಲ್ಲಿ ಬಹಳ ಜನ ಕಂಡಿದ್ದೀರಿ.

ಅದು ಹಾಗೇಕೆ ಕಾಣುತ್ತದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಮಾತೆಲ್ಲ ಇದನ್ನೇ ಆತುಕೊಂಡಿದೆ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಜಾಗ ಸಿಕ್ಕಿತ್ತು. ಆದರೆ ಮನೆಯ ಕಂಪ್ಯೂಟರಿನ ವಿಂಡೋಸ್ ಕನ್ನಡವನ್ನು ಹಾಗೆ ಬರೆಯಲು ಕಲಿತದ್ದು 2001ರ ಎಕ್ಸ್‌ಪಿಯಿಂದ. ನಡುವಿನ ಹತ್ತು ವರ್ಷ ನಾವು ಕನ್ನಡವನ್ನು ಬರೆದದ್ದು ಇಂಗ್ಲಿಷಿನ ಜಾಗದಲ್ಲಿ. ಅಕ್ಷರವನ್ನು ಒಡಲು, ತಲೆಕಟ್ಟು, ಕೊಂಬು, ಒತ್ತು ಎಂದು ಬಿಡಿಸಿ, ಒಂದೊಂದು ತುಂಡನ್ನೂ ಇಂಗ್ಲಿಷ್ ಅಕ್ಷರವೊಂದರ ಸಂಖ್ಯೆಗೆ ಕಟ್ಟಿಹಾಕುತ್ತಿದ್ದರು. ನುಡಿ ಫಾಂಟಿನಲ್ಲಿ ದೊಡ್ಡ ‘ಪಿ’ ಇರಬೇಕಾದ ಜಾಗದಲ್ಲಿ ಕಕಾರದ ಒಡಲು ಇದೆ, ಗೀಟು ಹೊತ್ತ ‘ಎ’ ಜಾಗದಲ್ಲಿ ತಲೆಕಟ್ಟು ಇದೆ. ಎರಡೂ ಸೇರಿದರೆ ‘ಕ’. ನುಡಿ ಬರುವ ಮುಂಚೆ ಒಂದೊಂದು ತಂತ್ರಾಂಶದ ಹಂಚಿಕೆ ಒಂದೊಂದು ಬಗೆ. ಫೈಲಿನಲ್ಲಿ ಇರುತ್ತಿದ್ದುದು ಬರೀ ಸಂಖ್ಯೆ; ಆ ಸಂಖ್ಯೆ ಕನ್ನಡವಾಗುತ್ತಿದ್ದುದು ಫಾಂಟ್ ಇದ್ದಾಗ ಮಾತ್ರ. ಅಂಗಡಿಯವರು ಫೈಲುಗಳನ್ನು ತಂದಿದ್ದರು, ಫಾಂಟು ಬಂದಿರಲಿಲ್ಲ. ಮೇಷ್ಟ್ರ ಹಳೆಯ ಕಂಪ್ಯೂಟರು ಗುಜರಿಗೆ ಹೋಗಿ ಎಷ್ಟೋ ವರ್ಷಗಳಾಗಿತ್ತು. ಇನ್ನೊಂದು ನಷ್ಟವೂ ಆಗಿತ್ತು. ಎಲ್ಲ ಫೈಲುಗಳ ತಾರೀಕೂ ಒಂದೇ ಆಗಿ, ಅಂಗಡಿಯಲ್ಲಿ ಕಾಪಿ ಮಾಡಿದ ದಿನದ್ದಾಗಿ ಹೋಗಿತ್ತು.

ಅದೃಷ್ಟಕ್ಕೆ ಮೇಷ್ಟ್ರ ಹೆಂಡತಿ ಫ್ಲಾಪಿಗಳನ್ನು ಎಸೆದಿರಲಿಲ್ಲ. ಸ್ಟೀಲ್ ಬೀರುವಿನಲ್ಲಿ, ಹಳೆಯ ಸೀರೆಯೊಂದರಲ್ಲಿ ಸುತ್ತಿಟ್ಟಿದ್ದರು.

ಫ್ಲಾಪಿಯ ಪಡಿಯಚ್ಚು ತೆಗೆಯುವ ಮುನ್ನ ಮಾಡಬೇಕಾದ ಮೊದಲ ಕೆಲಸ ಬೆರಳಿನದು. ಮೂರೂವರೆ ಇಂಚಿನ ಫ್ಲಾಪಿಯ ಮೂಲೆಯಲ್ಲಿ ಸರಿಸುವ ಸಣ್ಣ ಬಿಲ್ಲೆಯೊಂದಿದೆ. ಅದನ್ನು ಸರಿಸಿ ಕಿಂಡಿ ತೆರೆದರೆ ಆ ಫ್ಲಾಪಿಗೆ ಯಾರೂ ಬರೆಯಲಾರರು. ಅದಕ್ಕಿಂತ ಹಳೆಯ ಐದೂಕಾಲು ಇಂಚಿನದರಲ್ಲಿ ಇದು ತಿರುಗುಮುರುಗು: ಅಂಚಿನ ಕಚ್ಚನ್ನು ಕಾಗದ ಅಂಟಿಸಿ ಮುಚ್ಚಬೇಕು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬರೆಯಲು ಬಿಟ್ಟ ಫ್ಲಾಪಿಯನ್ನು ವಿಂಡೋಸ್ 95ರ ಯಂತ್ರಕ್ಕೆ ತೂರಿಸಿದರೆ, ನೀವು ಒಂದು ಫೈಲನ್ನೂ ಮುಟ್ಟದಿದ್ದರೂ ಅದು ಮೊದಲ ಸೆಕ್ಟರಿನ 8 ಬೈಟುಗಳಲ್ಲಿ ತನ್ನ ಗುರುತನ್ನು ಬರೆದುಬಿಡುತ್ತಿತ್ತು. ಫ್ಲಾಪಿಯನ್ನು ಮೊದಲು ಸಿದ್ಧಪಡಿಸಿದ ತಂತ್ರಾಂಶದ ಹೆಸರು ಇರುವುದು ಅದೇ ಜಾಗದಲ್ಲಿ. ಬರೀ ನೋಡಿದರೂ ಅಳಿಸಿಹೋಗುವ ಪದಾರ್ಥ ಅದು.

ಈಗ ಇಮೇಜನ್ನು ಬಿಚ್ಚಿ ನೋಡೋಣ. 1.44 ಎಂಬಿ ಎಂದು ಬರೆದಿರುವ ಫ್ಲಾಪಿಯಲ್ಲಿ ಎರಡು ಮೈ, ಒಂದೊಂದು ಮೈಯಲ್ಲಿ 80 ಸುತ್ತು, ಒಂದೊಂದು ಸುತ್ತಿನಲ್ಲಿ 18 ಸೆಕ್ಟರ್, ಒಂದೊಂದು ಸೆಕ್ಟರಿನಲ್ಲಿ 512 ಬೈಟ್. ಗುಣಿಸಿದರೆ 2,880 ಸೆಕ್ಟರು, 14,74,560 ಬೈಟು. ಇಮೇಜ್ ಫೈಲಿನ ಅಳತೆಯೂ ಸರಿಯಾಗಿ ಅಷ್ಟೇ ಇರುತ್ತದೆ, ಒಂದು ಬೈಟೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಫ್ಲಾಪಿಯಲ್ಲಿ ಒಂದೇ ಒಂದು ಪುಟದ ಕಾಗದವಿದ್ದರೂ ಅಷ್ಟೇ, ಏನೂ ಇಲ್ಲದಿದ್ದರೂ ಅಷ್ಟೇ. ಕಚ್ಚಾ ಇಮೇಜ್ ಎಂದು ಕರೆಯುವುದು ಇದನ್ನು. ಇದಕ್ಕೆ ತಲೆಬರಹವಿಲ್ಲ, ಮುದ್ರೆಯಿಲ್ಲ, ತಾನು ಇಂಥದ್ದು ಎಂದು ಇದು ಎಲ್ಲೂ ಹೇಳಿಕೊಳ್ಳುವುದಿಲ್ಲ. ಅಳತೆಯಿಂದಲೇ ಗುರುತು ಹಿಡಿಯಬೇಕು. 7,37,280 ಬೈಟ್ ಇದ್ದರೆ ಮೂರೂವರೆ ಇಂಚಿನ ಅರ್ಧ ಸಾಂದ್ರತೆಯದು. 3,68,640 ಇದ್ದರೆ ಐದೂಕಾಲು ಇಂಚಿನ 360 ಕೆಬಿಯದು. ಹಳೆಯ ಕೈಗಳು ಈ ಸಂಖ್ಯೆಗಳನ್ನು ಮಗ್ಗಿಯಂತೆ ಹೇಳುತ್ತವೆ.

ಆ 2,880 ಮನೆಗಳಲ್ಲಿ ಮೊದಲನೆಯದು ಇಡೀ ಊರಿನ ವಿವರ ಹೇಳುತ್ತದೆ. ಸೆಕ್ಟರಿಗೆ ಎಷ್ಟು ಬೈಟು, ಸುತ್ತಿಗೆ ಎಷ್ಟು ಸೆಕ್ಟರು, ಮೈ ಎಷ್ಟು, ಎಲ್ಲವೂ ಗೊತ್ತಾದ ಸ್ಥಾನಗಳಲ್ಲಿ ಇರುತ್ತವೆ. 512 ಎಂಬ ಸಂಖ್ಯೆಯನ್ನು ಅಲ್ಲಿ 0, 2 ಎಂದು ಬರೆದಿರುತ್ತದೆ. ಚಿಕ್ಕ ಸ್ಥಾನ ಮೊದಲು, ದೊಡ್ಡ ಸ್ಥಾನ ಆಮೇಲೆ. ಎರಡು 256 ಸೇರಿ 512. ಇದರ ಮುಂದಿನ 18 ಸೆಕ್ಟರುಗಳಲ್ಲಿ ಫ್ಯಾಟ್ ಎಂಬ ಪಟ್ಟಿ ಇರುತ್ತದೆ. ಒಂಬತ್ತೊಂಬತ್ತು ಸೆಕ್ಟರುಗಳ ಎರಡು ಪ್ರತಿ. ಒಂದು ಹಾಳಾದರೆ ಇನ್ನೊಂದಿರಲಿ ಎಂದು. ಅದಾದ ಮೇಲೆ 14 ಸೆಕ್ಟರುಗಳಲ್ಲಿ ಫೈಲುಗಳ ಹೆಸರಿನ ಪಟ್ಟಿ, ಹೆಚ್ಚೆಂದರೆ 224 ಹೆಸರು. ಒಟ್ಟು 33 ಸೆಕ್ಟರು ಕಳೆದ ಮೇಲೆ ಬರಹ ಶುರು.

ಹೆಸರಿನ ಪಟ್ಟಿಯಲ್ಲಿ ಒಂದೊಂದು ಫೈಲಿಗೂ 32 ಬೈಟ್. ಹೆಸರಿಗೆ 8, ಬಗೆ ತಿಳಿಸಲು 3, ಮುಂದೆ ಹೊತ್ತು, ತಾರೀಕು, ಅಳತೆ. ಇವುಗಳ ನಡುವೆ ಇನ್ನೊಂದು ಸಂಖ್ಯೆ: ಬರಹ ಯಾವ ಮನೆಯಿಂದ ಶುರುವಾಗುತ್ತದೆ ಎಂಬುದು. ಆ ಮನೆಗೆ ಹೋಗಿ 512 ಬೈಟ್ ಓದಿದಿರಿ, ಮುಂದಿನದು ಎಲ್ಲಿದೆ? ಅದನ್ನು ಹೇಳುವುದು ಫ್ಯಾಟ್. 40ನೆಯ ಮನೆಯ ಮುಂದೆ 41 ಎಂದು ಬರೆದಿದ್ದರೆ 41ಕ್ಕೆ ಹೋಗಬೇಕು, 97 ಎಂದಿದ್ದರೆ 97ಕ್ಕೆ. ಸೊನ್ನೆ ಇದ್ದರೆ ಆ ಮನೆ ಖಾಲಿ, ಕೊನೆಯ ಗುರುತು ಇದ್ದರೆ ಫೈಲು ಮುಗಿಯಿತು. ಎಲೆಗಳ ಕ್ರಮ ತಪ್ಪಿದ ತಾಳೆಗರಿ ಕಟ್ಟನ್ನು ಜೋಡಿಸಿದವರಿಗೆ ಈ ಕೆಲಸ ಹೊಸದಲ್ಲ.

ಫೈಲನ್ನು ಅಳಿಸಿದಾಗ ಏನಾಗುತ್ತದೆ ಎಂಬುದು ನನ್ನ ಕಥೆಗೆ ಮುಖ್ಯ. ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ 229 ಎಂಬ ಸಂಖ್ಯೆ ಬೀಳುತ್ತದೆ. ಹದಿನಾರರ ಎಣಿಕೆಯಲ್ಲಿ ಅದನ್ನು ‘ಇ5’ ಎಂದು ಬರೆಯುತ್ತಾರೆ. ಫ್ಯಾಟಿನಲ್ಲಿ ಅದರ ಸರಪಳಿಗೆಲ್ಲ ಸೊನ್ನೆ ಬೀಳುತ್ತದೆ. ಅಷ್ಟೇ. ಬರಹ ಇದ್ದಲ್ಲೇ ಇರುತ್ತದೆ, ಮನೆ ಖಾಲಿ ಎಂಬ ಬೋರ್ಡು ಮಾತ್ರ ನೇತಾಡುತ್ತದೆ. ಹೊಸ ಫೈಲು ಬಂದು ಅಲ್ಲಿ ಕೂರುವವರೆಗೆ ಹಳೆಯದು ಹೋಗುವುದಿಲ್ಲ. ಫೈಲು ಕಾಪಿ ಮಾಡುವ ಕೆಲಸಕ್ಕೆ ಇದು ಕಾಣುವುದೇ ಇಲ್ಲ, ಅದು ಪಟ್ಟಿಯಲ್ಲಿ ಹೆಸರಿದ್ದವರನ್ನು ಮಾತ್ರ ಕರೆಯುತ್ತದೆ. ಪಡಿಯಚ್ಚಿಗೆ ಪಟ್ಟಿಯ ಹಂಗಿಲ್ಲ.

ಮೇಷ್ಟ್ರ 11 ಫ್ಲಾಪಿಗಳಲ್ಲಿ ಎಂಟು ಮೊದಲ ಸಲಕ್ಕೇ ಪೂರ್ತಿ ಓದಿಕೊಂಡವು. ನಾಲ್ಕನೆಯದರ ಹೆಸರಿನ ಪಟ್ಟಿಯನ್ನು ಬೈಟ್ ಬೈಟಾಗಿ ನೋಡುತ್ತಿದ್ದಾಗ 229ರಿಂದ ಶುರುವಾಗುವ ಸಾಲೊಂದು ಸಿಕ್ಕಿತು. ಹೆಸರಿನ ಮೊದಲ ಅಕ್ಷರ ಹೋಗಿತ್ತು, ಕೊನೆಯಲ್ಲಿ ‘ಟಿಟಿಎಫ್’ ಎಂಬ ಮೂರು ಅಕ್ಷರ ಉಳಿದಿದ್ದವು. ಟ್ರೂಟೈಪ್ ಫಾಂಟು! ಅಳತೆ 58,212 ಬೈಟ್. ಶುರುವಿನ ಮನೆ 412. ಬರಹದ ಮನೆಗಳ ಎಣಿಕೆ ಆ ಮೊದಲ 33 ಸೆಕ್ಟರುಗಳಾದ ಮೇಲೆ 2ರಿಂದ ಮೊದಲಾಗುವುದರಿಂದ ಮನೆಯ ಸಂಖ್ಯೆಗೆ 31 ಕೂಡಿದರೆ ಸೆಕ್ಟರಿನ ಸಂಖ್ಯೆ ಸಿಗುತ್ತದೆ. 443ನೆಯ ಸೆಕ್ಟರಿಗೆ ಹೋದೆ. ಟ್ರೂಟೈಪ್ ಫೈಲು 0, 1, 0, 0 ಎಂಬ ನಾಲ್ಕು ಬೈಟುಗಳಿಂದ ತೊಡಗುತ್ತದೆ. ಅಲ್ಲಿ ಅವೇ ಇದ್ದವು. ಸರಪಳಿ ಅಳಿಸಿಹೋಗಿದ್ದರಿಂದ ಮುಂದಿನ ಮನೆಗಳು ಎಲ್ಲಿವೆಯೆಂದು ಹೇಳುವವರಿರಲಿಲ್ಲ. ಆದರೆ ಖಾಲಿ ಫ್ಲಾಪಿಗೆ ಹಾಕಿದ ಫೈಲು ಸಾಮಾನ್ಯವಾಗಿ ಸಾಲಾಗಿ ಕೂರುತ್ತದೆ. 443ರಿಂದ 556ರವರೆಗೆ 114 ಸೆಕ್ಟರುಗಳನ್ನು ಒಟ್ಟಿಗೆ ಎತ್ತಿ, ಕೊನೆಯ 156 ಬೈಟನ್ನು ಕತ್ತರಿಸಿ, ಫೈಲಾಗಿ ಉಳಿಸಿ ತೆರೆದೆ. ಕನ್ನಡ ಅಕ್ಷರಗಳ ತುಂಡುಗಳು ಪರದೆಯ ತುಂಬ ಬಂದವು.

ಮೇಷ್ಟ್ರು ಯಾರಿಂದಲೋ ಆ ಫಾಂಟನ್ನು ಫ್ಲಾಪಿಯಲ್ಲಿ ತಂದು, ತಮ್ಮ ಯಂತ್ರಕ್ಕೆ ಹಾಕಿಕೊಂಡು, ಜಾಗ ಬೇಕೆಂದು ಫ್ಲಾಪಿಯಿಂದ ಅಳಿಸಿರಬೇಕು. ಅದರ ಮೇಲೆ ಬೇರೆ ಬರಹ ಬಿದ್ದಿರಲಿಲ್ಲ. ಯಾವ ಸಂಖ್ಯೆಗೆ ಯಾವ ತುಂಡು ಎಂಬ ಕೋಷ್ಟಕವನ್ನು ಆ ಫಾಂಟು ನೋಡಿಯೇ ಮಾಡಿದೆವು. ಅಲ್ಲಿಂದ ಯೂನಿಕೋಡಿಗೆ ತರುವುದು ಕೆಲವು ವಾರಗಳ ಕೆಲಸವಾಯಿತು. ಬಿಡಿ ಫೈಲುಗಳು ಆ ಸೀಡಿಯಲ್ಲಿ ಎಷ್ಟು ಕಾಲ ಭದ್ರವಾಗಿದ್ದರೂ ಈ ಕೆಲಸ ಆಗುತ್ತಿರಲಿಲ್ಲ.

ಇದೇ ಕಾಲದ ಇನ್ನೊಂದು ಬಗೆಯ ಬರಹದ ವಿಷಯವೂ ಹೀಗೆಯೇ. ಇಸ್ಕೀ ಎಂಬ ಭಾರತೀಯ ಸಂಕೇತ ಕ್ರಮ 1991ರಲ್ಲಿ ಮಾನಕವಾಯಿತು. ಅದರಲ್ಲಿ ಕಕಾರಕ್ಕೆ 179 ಎಂಬ ಒಂದೇ ಸಂಖ್ಯೆ; ಕನ್ನಡದ ಕಕಾರಕ್ಕೂ ತೆಲುಗಿನದಕ್ಕೂ ದೇವನಾಗರಿಯದಕ್ಕೂ ಅದೇ. ಲಿಪಿ ಯಾವುದೆಂದು ಬೇರೆ ಕಡೆಯಿಂದ ತಿಳಿಯಬೇಕು. ಆ ಬೇರೆ ಕಡೆ ಬಹಳ ಸಲ ಅದೇ ಡಿಸ್ಕಿನ ಮತ್ತೊಂದು ಮೂಲೆಯಲ್ಲಿ ಇರುತ್ತದೆ. ನಮ್ಮ ಕನ್ನಡಕ್ಕೆ ಪಡಿಯಚ್ಚಿನ ಅಗತ್ಯ ಇಂಗ್ಲಿಷಿಗಿಂತ ಹೆಚ್ಚು ಎಂದು ನಾನು ಹೋದಲ್ಲೆಲ್ಲ ಹೇಳುತ್ತಿರುವುದು ಈ ಕಾರಣಕ್ಕೆ. 1998ರ ಇಂಗ್ಲಿಷ್ ಫೈಲೊಂದನ್ನು ಎತ್ತಿಕೊಂಡು ಬಂದರೆ ಅದರ ಅಕ್ಷರ ಅದರ ಜೊತೆಗೇ ಬರುತ್ತದೆ. ನಮ್ಮದರ ಅರ್ಧ ಫೈಲಿನಲ್ಲಿ, ಇನ್ನರ್ಧ ಫೈಲಿನ ನೆರೆಹೊರೆಯಲ್ಲಿ.

ಮೇಷ್ಟ್ರ ಇನ್ನುಳಿದ ಮೂರು ಫ್ಲಾಪಿಗಳಲ್ಲಿ ಎರಡಕ್ಕೆ ಬೂಷ್ಟು ಹಿಡಿದಿತ್ತು. ಒಂದರಲ್ಲಿ 14 ಸೆಕ್ಟರು ಓದಲಾಗಲಿಲ್ಲ. ಕಚ್ಚಾ ಇಮೇಜಿನ ದೊಡ್ಡ ಕೊರತೆ ಎದುರಾಗುವುದು ಇಂಥಲ್ಲಿ. ಓದಲಾಗದ ಸೆಕ್ಟರಿನ ಜಾಗದಲ್ಲಿ ಏನನ್ನಾದರೂ ತುಂಬಲೇಬೇಕು, ಬಿಟ್ಟರೆ ಮುಂದಿನದೆಲ್ಲ ಸ್ಥಾನ ತಪ್ಪುತ್ತದೆ. ಸಾಮಾನ್ಯವಾಗಿ ಸೊನ್ನೆ ತುಂಬುತ್ತಾರೆ. ಆದರೆ ಡಿಸ್ಕಿನ ಮೇಲೆ ನಿಜವಾಗಿಯೇ ಸೊನ್ನೆ ಬರೆದಿದ್ದ ಸೆಕ್ಟರುಗಳೂ ಇವೆ. ಇಮೇಜು ನೋಡಿದರೆ ಯಾವುದು ಬರೆದ ಸೊನ್ನೆ, ಯಾವುದು ಓದಲಾಗದ್ದಕ್ಕೆ ನಾವು ತುಂಬಿದ ಸೊನ್ನೆ ಎಂಬುದು ತಿಳಿಯುವುದಿಲ್ಲ. ಹಳಗನ್ನಡ ಗ್ರಂಥ ಸಂಪಾದಿಸಿದವರು ಗರಿ ಮುರಿದ ಕಡೆ ಗ್ರಂಥಪಾತ ಎಂದು ಗುರುತು ಹಾಕಿ ಮುಂದೆ ಹೋಗುತ್ತಿದ್ದರು. ಕವಿ ಅಲ್ಲಿ ಸುಮ್ಮನಿದ್ದ ಎಂದು ಓದುವವನು ತಿಳಿಯಬಾರದಲ್ಲ. ಆ ಪ್ರಾಮಾಣಿಕತೆ ಇಲ್ಲೂ ಬೇಕು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಓದಲು ಸುಲಭವಾದದ್ದನ್ನೆಲ್ಲ ಮೊದಲು ಎತ್ತಿಕೊಂಡು, ಆಮೇಲೆ ಕಷ್ಟದ ಜಾಗಗಳಿಗೆ ಮತ್ತೆ ಮತ್ತೆ ಹೋಗುತ್ತದೆ. ಎಲ್ಲಿ ಓದಿದೆ, ಎಲ್ಲಿ ಸೋತೆ ಎಂಬುದನ್ನು ಪಕ್ಕದಲ್ಲೇ ಬೇರೊಂದು ಫೈಲಿನಲ್ಲಿ ಬರೆದಿಡುತ್ತದೆ. ಅದು ಬರೆದಿಟ್ಟದ್ದರಿಂದ ಬೇರೆ ಡ್ರೈವಿನಲ್ಲಿ ಅದೇ ಫ್ಲಾಪಿಯನ್ನು ಹಾಕಿ, ಉಳಿದ ಜಾಗಗಳನ್ನು ಮಾತ್ರ ಓದಿಸಬಹುದು. ಮೂರು ಡ್ರೈವು ಬದಲಿಸಿದ ಮೇಲೆ ಆ 14 ಸೆಕ್ಟರು 3ಕ್ಕೆ ಇಳಿದವು. ಆ ಮೂರರ ಪಟ್ಟಿ ಇಮೇಜಿನ ಜೊತೆಗೇ ಇದೆ. ಇಂಥ ಪಟ್ಟಿ ಇಲ್ಲದ ಇಮೇಜನ್ನು ಯಾರಾದರೂ ತಂದುಕೊಟ್ಟರೆ ನಾನು ಅದನ್ನು ಪೂರ್ತಿ ನಂಬುವುದಿಲ್ಲ.

ಕೋರ್ಟು ಕಚೇರಿಗೆ ಸಾಕ್ಷ್ಯ ಕೊಡುವವರು ಈ ಕೊರತೆಯನ್ನು ಬಹಳ ಹಿಂದೆಯೇ ಕಂಡುಕೊಂಡರು. ಎನ್‌ಕೇಸ್ ತಂತ್ರಾಂಶದಿಂದ ಹರಡಿದ ‘ಇ01’ ಬಗೆಯ ಇಮೇಜಿನಲ್ಲಿ ಪ್ರಕರಣದ ಸಂಖ್ಯೆ, ಇಮೇಜ್ ತೆಗೆದವರ ಹೆಸರು, ಟಿಪ್ಪಣಿ ಎಲ್ಲಕ್ಕೂ ಒಳಗೇ ಜಾಗವಿದೆ. ಡಿಸ್ಕಿನ ಬರಹವನ್ನು ಸಾಮಾನ್ಯವಾಗಿ 32 ಕೆಬಿಯ ಕಂತೆಗಳಾಗಿ ಮಾಡಿ, ಒಂದೊಂದು ಕಂತೆಗೂ ತಾಳೆ ನೋಡುವ ಸಂಖ್ಯೆ ಇಟ್ಟಿರುತ್ತಾರೆ. ಕೊನೆಯಲ್ಲಿ ಇಡೀ ಡಿಸ್ಕಿನ ಹ್ಯಾಶ್, ಅಂದರೆ ಎಲ್ಲ ಬೈಟುಗಳನ್ನೂ ಅರೆದು ತೆಗೆದ ಒಂದು ಬೆರಳಚ್ಚು. ಒಂದೇ ಒಂದು ಬಿಟ್ ಬದಲಾದರೂ ಬೆರಳಚ್ಚು ಗುರುತು ಸಿಗದಷ್ಟು ಬೇರೆಯಾಗುತ್ತದೆ. ಕಚ್ಚಾ ಇಮೇಜು ಇಟ್ಟುಕೊಂಡವರೂ ಅದರ ಎಸ್‌ಎಚ್‌ಎ-256 ಬೆರಳಚ್ಚನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೆ ಸಾಕು, ಹತ್ತು ವರ್ಷದ ಮೇಲೆ ಫೈಲು ಕೆಟ್ಟಿದೆಯೇ ಎಂದು ಒಂದು ನಿಮಿಷದಲ್ಲಿ ಹೇಳಬಹುದು. ನನ್ನ ಒಲವು ಈಗಲೂ ಕಚ್ಚಾ ಇಮೇಜಿನ ಕಡೆಗೇ ಇದೆ. ಯಾವ ಕಂಪನಿ ಮುಚ್ಚಿದರೂ, ಯಾವ ತಂತ್ರಾಂಶ ಕಾಣೆಯಾದರೂ ಅದನ್ನು ಓದಬಹುದು. ಬಿಚ್ಚಲು ಬೀಗದ ಕೈ ಬೇಕಿಲ್ಲ. ಕೊರತೆಯನ್ನು ಪಕ್ಕದ ಚೀಟಿಗಳಿಂದ ತುಂಬಿಕೊಳ್ಳೋಣ.

ಸೀಡಿಯ ಇಮೇಜಿನ ಮಾತನ್ನೂ ಇಲ್ಲಿ ಸೇರಿಸಬೇಕು. ಗ್ರಂಥಾಲಯಗಳಲ್ಲಿ ಅದೂ ಬಳಕೆಯಲ್ಲಿದೆ. ಐಎಸ್‌ಒ ಎಂದು ಎಲ್ಲರ ಬಾಯಲ್ಲಿರುವ ಹೆಸರು 1988ರ ಐಎಸ್‌ಒ 9660 ಎಂಬ ಮಾನಕದ್ದು. ಅದರ ಸೆಕ್ಟರು 2,048 ಬೈಟಿನದು. ಮೊದಲ 16 ಸೆಕ್ಟರನ್ನು ಮಾನಕವೇ ಖಾಲಿ ಬಿಟ್ಟಿದೆ; ಅದಾದ ಮೇಲೆ ‘ಸಿಡಿ001’ ಎಂಬ ಗುರುತು ಬರುತ್ತದೆ. ಅಲ್ಲಿ ನನಗೆ ತುಂಬ ಇಷ್ಟವಾದ ಒಂದು ಏರ್ಪಾಡಿದೆ: ಮುಖ್ಯವಾದ ಸಂಖ್ಯೆಗಳನ್ನು ಎರಡೆರಡು ಸಲ ಬರೆದಿರುತ್ತಾರೆ, ಒಮ್ಮೆ ಚಿಕ್ಕ ಸ್ಥಾನ ಮೊದಲಾಗಿ, ಇನ್ನೊಮ್ಮೆ ದೊಡ್ಡ ಸ್ಥಾನ ಮೊದಲಾಗಿ. ಯಾವ ಜಾತಿಯ ಕಂಪ್ಯೂಟರಾದರೂ ಓದಿಕೊಳ್ಳಲಿ ಎಂದು. ಆದರೆ ಹಾಡಿನ ಸೀಡಿಯನ್ನು ಐಎಸ್‌ಒ ಮಾಡಿಟ್ಟಿದ್ದೇವೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಮತ್ತೊಮ್ಮೆ ಪರೀಕ್ಷಿಸಿ. ಸೀಡಿಯ ಮೇಲೆ ಒಂದು ಸೆಕ್ಟರಿಗೆ ಇರುವ ಜಾಗ 2,352 ಬೈಟ್. ದತ್ತಾಂಶದ ಸೀಡಿಯಲ್ಲಿ ಅದರ 304 ಬೈಟು ತಪ್ಪು ಹುಡುಕಲು, ತಿದ್ದಲು, ಸ್ಥಾನ ಗುರುತಿಸಲು ಹೋಗುತ್ತದೆ. ಐಎಸ್‌ಒ ಉಳಿದದ್ದನ್ನು ಮಾತ್ರ ಹಿಡಿಯುತ್ತದೆ. ಹಾಡಿನ ಸೀಡಿಯಲ್ಲಿ 2,352 ಬೈಟೂ ಹಾಡೇ. ಅದು ಈ ಅಳತೆಯ ಪಾತ್ರೆಯಲ್ಲಿ ಹಿಡಿಯುವುದಿಲ್ಲ, ಅದಕ್ಕೆ ಪೂರ್ತಿ ಸೆಕ್ಟರು ಹಿಡಿಯುವ ಬೇರೆ ಬಗೆಯ ಇಮೇಜು ಬೇಕು.

ಇನ್ನು ಮೇಷ್ಟ್ರ ಪೆಟ್ಟಿಗೆಗೆ ಮರಳೋಣ. ಅದರ ಹನ್ನೊಂದನೆಯ ಫ್ಲಾಪಿಯ ಮೊದಲ ಸುತ್ತೇ ಕೆಟ್ಟಿತ್ತು. ಮೊದಲ ಸೆಕ್ಟರು, ಪಟ್ಟಿ ಎಲ್ಲ ಇರುವುದು ಅಲ್ಲಿ. ಡ್ರೈವು ಅದನ್ನು ಓದಲು ಒಪ್ಪಲೇ ಇಲ್ಲ. ಅದಕ್ಕಾಗಿ ಇನ್ನೂ ಒಂದು ಮೆಟ್ಟಿಲು ಕೆಳಗೆ ಇಳಿಯಬೇಕಾಯಿತು. ಇಷ್ಟು ಹೊತ್ತು ಹೊಗಳಿದ ಪಡಿಯಚ್ಚೂ ಪೂರ್ಣವಲ್ಲ ಎಂಬುದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಫ್ಲಾಪಿ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ. ಒಂದು ಸುತ್ತಿನಲ್ಲಿ 12,500 ಬೈಟಿನಷ್ಟು ಗುರುತು ಹಿಡಿಯುತ್ತದೆ, ಅದರಲ್ಲಿ ನಮಗೆ ಸಿಗುವುದು 9,216. ಉಳಿದದ್ದು ಸೆಕ್ಟರುಗಳ ನಡುವಿನ ತೆರಪು, ಸೆಕ್ಟರಿನ ಹೆಸರು, ತಾಳೆಯ ಸಂಖ್ಯೆ. ಡ್ರೈವು ಅವನ್ನೆಲ್ಲ ನೋಡಿಕೊಂಡು, ನಮಗೆ ಹೇಳದೆ ಎಸೆಯುತ್ತದೆ. ಗ್ರೀಸ್‌ವೀಸಲ್ ಎಂಬ ಸಣ್ಣ ಸರ್ಕ್ಯೂಟ್ ಬೋರ್ಡು ಹಾಗೆ ಎಸೆಯುವುದಿಲ್ಲ. ಕಾಂತದ ದಿಕ್ಕು ಎಲ್ಲೆಲ್ಲಿ ಬದಲಾಯಿತು, ಒಂದು ಬದಲಾವಣೆಯಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಎಂಬುದನ್ನು ಅಳೆದು ಬರೆದುಕೊಳ್ಳುತ್ತದೆ. ಈ ಬಗೆಯ ಫ್ಲಾಪಿಯಲ್ಲಿ ಆ ಹೊತ್ತು ಮೂರೇ ಬಗೆ: ಸೆಕೆಂಡಿನ ಹತ್ತು ಲಕ್ಷದಲ್ಲಿ 2 ಪಾಲು, 3 ಪಾಲು, ಇಲ್ಲವೇ 4 ಪಾಲು. ಛಂದಸ್ಸು ಓದಿದವರಿಗೆ ಲಘು, ಗುರು, ಪ್ಲುತ ನೆನಪಾಗಬಹುದು; ಫ್ಲಾಪಿಯಲ್ಲಿರುವ ಬರಹವೆಲ್ಲ ಈ ಮೂರು ಉದ್ದಗಳ ಸಾಲು. ಕಾಂತ ಸಣ್ಣಗಾದ ಕಡೆ 2 ಯಾವುದು 3 ಯಾವುದು ಎಂದು ಡ್ರೈವಿಗೆ ತಿಳಿಯದೆ ಅದು ಕೈಚೆಲ್ಲುತ್ತದೆ. ಅಳತೆಗಳೇ ಕೈಯಲ್ಲಿದ್ದರೆ ಐದಾರು ಸುತ್ತು ಓದಿಸಿ, ಒಂದನ್ನು ಇನ್ನೊಂದರ ಜೊತೆ ಇಟ್ಟು ನಿಧಾನವಾಗಿ ತೀರ್ಮಾನಿಸಬಹುದು. 1.44 ಎಂಬಿಯ ಫ್ಲಾಪಿಗೆ ಇಂಥ ಇಮೇಜು ಹತ್ತಾರು ಎಂಬಿ ಆಗುತ್ತದೆ. ಆಗಲಿ. ಆ ಹನ್ನೊಂದನೆಯದರಿಂದ ಅರ್ಧಕ್ಕಿಂತ ಹೆಚ್ಚು ಸೆಕ್ಟರುಗಳು ಎದ್ದು ಬಂದವು. ಉಳಿದವುಗಳ ಅಳತೆಗಳನ್ನು ಹಾಗೆಯೇ ಇಟ್ಟಿದ್ದೇವೆ, ನಮಗಿಂತ ಚೆನ್ನಾಗಿ ಓದುವವರು ಬರುತ್ತಾರೆ.

ಇನ್ನೊಂದು ವಿಷಯವನ್ನು ಇಲ್ಲಿರುವ ಗ್ರಂಥಪಾಲಕರ ಗಮನಕ್ಕೆ ತರಲೇಬೇಕು. ಅಳಿಸಿದ ಫಾಂಟು ಸಿಕ್ಕಂತೆ ಅಳಿಸಿದ ಬೇರೆ ಫೈಲುಗಳೂ ಸಿಕ್ಕವು. ಅವುಗಳಲ್ಲಿ ಸಾಲದ ಲೆಕ್ಕ ಇತ್ತು, ಮಗನಿಗೆ ಬರೆದ ಕಾಗದವೊಂದಿತ್ತು. ಮೇಷ್ಟ್ರು ಅವನ್ನು ಯಾರೂ ಓದಬಾರದೆಂದೇ ಅಳಿಸಿದ್ದರು. ಕಾಗದದ ಮೊದಲ ಸಾಲು ಕಂಡ ಕೂಡಲೇ ನಾನು ನಿಲ್ಲಿಸಿದೆ. ಪಡಿಯಚ್ಚು ಎಲ್ಲವನ್ನೂ ಹಿಡಿಯುತ್ತದೆ ಎಂಬ ಅದರ ಗುಣವೇ ಇಲ್ಲಿ ಭಾರವಾಗುತ್ತದೆ. ಮನೆಯವರನ್ನು ಕೂರಿಸಿಕೊಂಡು ಏನೇನು ಸಿಕ್ಕಿದೆ ಎಂದು ವಿವರಿಸದೆ, ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯದೆ ಯಾವ ಇಮೇಜನ್ನೂ ಸಾರ್ವಜನಿಕರ ಕೈಗೆ ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಮೇಜು ಪೂರ್ತಿಯಾಗಿ ಭದ್ರವಾಗಿರಲಿ. ಓದುಗರಿಗೆ ತೆರೆಯುವುದು ಎಷ್ಟು ಎಂಬುದನ್ನು ಮನೆಯವರು ತೀರ್ಮಾನಿಸಲಿ. ಈ ಮನೆಯಲ್ಲಿ ಮೇಷ್ಟ್ರ ಹೆಂಡತಿ, ಅಮ್ಮನವರು, ಕಾಗದವನ್ನು ತಾವೇ ಓದಿ, ಇದು ಮಗನ ಹತ್ತಿರ ಇರಲಿ ಎಂದರು. ಪದಗಳ ಫೈಲುಗಳನ್ನೆಲ್ಲ ಕೊಡಲು ಒಪ್ಪಿದರು.

ಅವತ್ತು ಅವರಿಗೆ ತಾರೀಕುಗಳನ್ನೂ ತೋರಿಸಿದೆ. ಅಂಗಡಿಯ ಸೀಡಿಯಲ್ಲಿ ಅಳಿಸಿಹೋಗಿದ್ದ ಆ ತಾರೀಕುಗಳು ಪಡಿಯಚ್ಚಿನ ಹೆಸರಿನ ಪಟ್ಟಿಯಲ್ಲಿ ಹಾಗೆಯೇ ಇದ್ದವು. ಕೊನೆಯ ಫೈಲಿನ ತಾರೀಕಿನ ಜಾಗದಲ್ಲಿದ್ದ ಸಂಖ್ಯೆ 9,486. ಅದನ್ನು 512ರಿಂದ ಭಾಗಿಸಿದರೆ 18 ಬಂದು 270 ಉಳಿಯುತ್ತದೆ. ಎಣಿಕೆ 1980ರಿಂದ ತೊಡಗುವುದರಿಂದ 18 ಎಂದರೆ 1998. ಉಳಿದ 270ನ್ನು 32ರಿಂದ ಭಾಗಿಸಿದರೆ 8, ಉಳಿಯುವುದು 14. ಆಗಸ್ಟ್ 14, 1998. ಹೊತ್ತಿನ ಜಾಗದಲ್ಲಿ 46,344 ಎಂದಿತ್ತು. 2,048ರಿಂದ ಭಾಗಿಸಿದರೆ 22 ಗಂಟೆ, ಉಳಿದ 1,288ನ್ನು 32ರಿಂದ ಭಾಗಿಸಿದರೆ 40 ನಿಮಿಷ, ಉಳಿಯುವ 8 ಎರಡೆರಡು ಸೆಕೆಂಡಿನ ಲೆಕ್ಕದಲ್ಲಿ 16 ಸೆಕೆಂಡು. ರಾತ್ರಿ ಹತ್ತು ಗಂಟೆ ನಲವತ್ತು ನಿಮಿಷ.

ಅಮ್ಮ ಕಾಗದದ ಮೇಲಿನ ನನ್ನ ಲೆಕ್ಕವನ್ನು ನೋಡುತ್ತ ಸ್ವಲ್ಪ ಹೊತ್ತು ಕೂತರು. “ಆಗ ನಮ್ಮೂರಿಗೆ ತ್ರೀ ಫೇಸು ಕೊಡ್ತಿದ್ದದ್ದೇ ರಾತ್ರಿ ಹತ್ತರ ಮೇಲೆ ಕಣಪ್ಪ,” ಎಂದರು. “ಪಂಪ್‌ಸೆಟ್ ಹಾಕಿ ಬಂದು ಇದರ ಮುಂದೆ ಕೂರೋರು. ಮಡಿ ತುಂಬೋ ಹೊತ್ತಿಗೆ ಎದ್ದು ಓಡೋರು.”

ಆ ಫೈಲನ್ನು ತೆರೆದೆವು. ಕೊನೆಯ ಪದ ‘ಮಿಣಿ’. ಮುಂದೆ ಎರಡು ಚುಕ್ಕೆ ಇಟ್ಟು, ‘ನೊಗವನ್ನು ನೇಗಿಲಿಗೆ ಬಿಗಿಯುವ ತೊಗಲಿನ’ ಎಂದು ಬರೆದಿತ್ತು. ಅದರ ಮುಂದೆ ಏನೂ ಇರಲಿಲ್ಲ.

“ಹಗ್ಗ,” ಎಂದರು ಅಮ್ಮ. “ನೀರು ತಿರುವೋಕೆ ಹೋಗಿರ್ತಾರೆ.”